ಎಲ್ಲರಿಗೂ ಕೇಳುವ ಗುಟ್ಟು

ಮೊದಲು ಒಂದು ಹಾಡಿನ ತುಣುಕು. ಹಳೆಯ ಇಂಗ್ಲಿಷ್ ಜನಪದ ಗೀತೆಯ ಮಟ್ಟು, ಯಂತ್ರದಲ್ಲಿ ನುಡಿಸಿದ್ದು. ಅದೇ ತುಣುಕು ಮತ್ತೆ, ಮತ್ತೆ, ಮತ್ತೆ. ಆಮೇಲೆ ಒಂದು ಹೆಣ್ಣು ದನಿ, ಏರಿಳಿತವೇ ಇಲ್ಲದ ಇಂಗ್ಲಿಷಿನಲ್ಲಿ ಐದು ಅಂಕಿ ಹೇಳುತ್ತದೆ. ಅದೇ ಐದು ಅಂಕಿ ಹಲವು ಸಲ. ಗಂಟೆಯ ಸದ್ದು. ಅಲ್ಲಿಂದ ಶುರು: ಐದೈದು ಅಂಕಿಗಳ ಗುಂಪು, ಒಂದೊಂದನ್ನೂ ಎರಡೆರಡು ಸಲ, ಹೀಗೆ 200 ಗುಂಪು! ಮುಕ್ಕಾಲು ಗಂಟೆಯಾದ ಮೇಲೆ ಎಲ್ಲ ನಿಂತುಹೋಗುತ್ತದೆ. ನಿಲಯದ ಹೆಸರಿಲ್ಲ, ಊರಿನ ಹೆಸರಿಲ್ಲ, ನಮಸ್ಕಾರವಿಲ್ಲ, ಸುದ್ದಿಯಿಲ್ಲ. ಬರೀ ಅಂಕಿ.

1970ರ ದಶಕದ ನಡುವಿನಿಂದ 2008ರವರೆಗೆ ಶಾರ್ಟ್‌ವೇವ್‌ನಲ್ಲಿ ದಿನದಿನವೂ ಹೀಗೆ ಬರುತ್ತಿದ್ದ ಈ ನಿಲಯಕ್ಕೆ ಕೇಳುಗರೇ ಆ ಹಾಡಿನ ಹೆಸರಿಟ್ಟರು: ಲಿಂಕನ್‌ಶೈರ್ ಪೋಚರ್. ಅಲೆ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹಲವು ಕಡೆಯಿಂದ ಅಳೆದ ಹವ್ಯಾಸಿಗಳು ಕೊನೆಗೆ ತಲುಪಿದ್ದು ಸೈಪ್ರಸ್ ದ್ವೀಪದ ಅಕ್ರೋತಿರಿಗೆ, ಬ್ರಿಟಿಷ್ ವಾಯುಪಡೆಯ ನೆಲೆಗೆ. ಇದೇ ಬಗೆಯ ಇನ್ನೊಂದು ನಿಲಯ, ಚೆರ್ರಿ ರೈಪ್, ಏಷ್ಯಾದ ಕಡೆಗೆ ಮುಖಮಾಡಿ 2009ರವರೆಗೂ ಅಂಕಿ ಎಣಿಸುತ್ತಿತ್ತು. ಜಗತ್ತಿನಲ್ಲಿ ಇಂಥವು ಎಷ್ಟೋ. ಕೇಳುಗರು ಅವಕ್ಕೆಲ್ಲ ಒಟ್ಟಾಗಿ ಕೊಟ್ಟ ಹೆಸರು ನಂಬರ್ಸ್ ಸ್ಟೇಷನ್. ಬೇಹುಗಾರಿಕೆ ಸಂಸ್ಥೆಗಳು ದೂರದೇಶದಲ್ಲಿ ಅಡಗಿರುವ ತಮ್ಮವರಿಗೆ ಅಪ್ಪಣೆ ಕಳಿಸುವ ದಾರಿ ಇದು.

ಬೇಲೂರಿನಲ್ಲಿ ಶಿಲ್ಪಗಳ ಪೀಠ ನೋಡಿದವರಿಗೆ ಗೊತ್ತು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ರೂವಾರಿಗಳು ತಮ್ಮ ಹೆಸರನ್ನು ಕಲ್ಲಿನಲ್ಲೇ ಬರೆದಿಟ್ಟು ಹೋದರು. 900 ವರ್ಷದ ಮೇಲೂ ಇದು ಯಾರ ಕೈಕೆಲಸ ಎಂದು ಬೆರಳಿಟ್ಟು ಹೇಳಬಹುದು. ಅಂಥ ನೆಲದಲ್ಲಿ ನಿಂತು, ಹೆಸರೇ ಹೇಳದೆ ಇಡೀ ಲೋಕಕ್ಕೆ ಕೇಳುವಂತೆ ದಶಕಗಟ್ಟಲೆ ಮಾತಾಡಿದ ನಿಲಯಗಳ ಬಗ್ಗೆ ಓದತೊಡಗಿದಾಗ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಕ್ರೋತಿರಿಯಿಂದ ನಮ್ಮ ಅರಸೀಕೆರೆಗೆ ಸುಮಾರು 5,000 ಕಿಲೋಮೀಟರ್. ಶಾರ್ಟ್‌ವೇವ್‌ಗೆ ಅದೊಂದು ದೂರವೇ ಅಲ್ಲ! 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಈ ಅಲೆಗಳು ಮೇಲಕ್ಕೆ ಹೋಗಿ, 250–400 ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಬಿಸಿಲೇ ಸೃಷ್ಟಿಸಿದ ವಿದ್ಯುತ್ಕಣಗಳ ಪದರದಲ್ಲಿ ಬಾಗಿ ನೆಲಕ್ಕೆ ಮರಳುತ್ತವೆ, ನೆಲದಿಂದ ಮತ್ತೆ ಮೇಲಕ್ಕೆ. ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದ ಬಿಲ್ಲೆಕಲ್ಲು ಪುಟಿಯುತ್ತ ಹೋದ ಹಾಗೆ. ಒಂದು ನೆಗೆತಕ್ಕೆ ಮೂರು ಸಾವಿರ ಕಿಲೋಮೀಟರಿಗೂ ಮಿಗಿಲು. ಎರಡು ನೆಗೆತದಲ್ಲಿ ಸೈಪ್ರಸ್ಸಿನ ದನಿ ಅರಸೀಕೆರೆ ಪಕ್ಕದ ಮಾಲೇಕಲ್ಲು ತಿರುಪತಿ ಬೆಟ್ಟದ ನೆತ್ತಿಗೆ ಬಂದು ಇಳಿಯಬಲ್ಲದು. ನಡುವೆ ತಂತಿಯಿಲ್ಲ, ಕೇಬಲ್ಲಿಲ್ಲ, ಉಪಗ್ರಹವಿಲ್ಲ.

ಸಿಲೋನ್ ರೇಡಿಯೋ, ಬಿಬಿಸಿ ಹುಡುಕುತ್ತ ಮುಳ್ಳು ತಿರುಗಿಸಿದ ಪೀಳಿಗೆ ನಮ್ಮ ಊರುಗಳಲ್ಲಿ ಇನ್ನೂ ಇದೆ. ಎರಡು ನಿಲಯಗಳ ನಡುವಿನ ಕರಕರದಲ್ಲಿ ಯಾರೋ ಎಣಿಸುತ್ತಿರುವಂತೆ ಕೇಳಿಸಿ, ಇದೇನೋ ಎಂದು ಮುಂದಕ್ಕೆ ತಿರುಗಿಸಿಬಿಟ್ಟದ್ದು ಅವರಲ್ಲಿ ಯಾರಿಗಾದರೂ ನೆನಪಿದ್ದೀತು. ಅದು ಯಾವುದೋ ರಾಜಧಾನಿಯಿಂದ ಯಾವುದೋ ಬೇಹುಗಾರನಿಗೆ ಹೊರಟ ಕಾಗದವಾಗಿದ್ದಿರಬಹುದು!

ಇನ್ನು ಗುಟ್ಟಿನ ಒಳಗೆ ಹೋಗೋಣ. ಇಲ್ಲಿರುವ ಸೊಗಸು ನಂಬಲಾಗದಷ್ಟು ಸರಳ.

ಮಾತನ್ನು ಮೊದಲು ಅಂಕಿಗೆ ತಿರುಗಿಸುತ್ತಾರೆ. 47102 ಎಂದಿಟ್ಟುಕೊಳ್ಳಿ. ಬೇಹುಗಾರ ದೇಶ ಬಿಡುವ ಮುಂಚೆ ಅವನ ಕೈಗೊಂದು ಪುಟ್ಟ ಪುಸ್ತಕ ಕೊಟ್ಟಿರುತ್ತಾರೆ. ಅದರ ಹಾಳೆಗಳ ತುಂಬ ಯಾವ ಕ್ರಮಕ್ಕೂ ಸಿಗದ ಅಂಕಿಗಳು. ಅಂಥದೇ ಇನ್ನೊಂದು ಪ್ರತಿ ಕಳಿಸುವವರ ಬಳಿ. ಮೂರನೆಯ ಪ್ರತಿ ಲೋಕದಲ್ಲೇ ಇಲ್ಲ. ಆ ದಿನದ ಹಾಳೆಯಲ್ಲಿ 85936 ಇದೆಯೆನ್ನಿ. ಎರಡನ್ನೂ ದಶಕ ತೆಗೆದುಕೊಳ್ಳದೆ ಕೂಡುತ್ತಾರೆ: 4ಕ್ಕೆ 8 ಸೇರಿಸಿದರೆ 12, ಉಳಿಸಿಕೊಳ್ಳುವುದು 2 ಮಾತ್ರ. ಹೀಗೆ ಬಂದದ್ದು 22038. ರೇಡಿಯೋದಲ್ಲಿ ಓದುವುದು ಇದನ್ನೇ. ಕೇಳಿದವನು ತನ್ನ ಹಾಳೆಯ 85936ನ್ನು ಹಾಗೆಯೇ ದಶಕದ ಗೊಡವೆಯಿಲ್ಲದೆ ಕಳೆದರೆ ಮತ್ತೆ 47102. ಕಳೆದ ಮೇಲೆ ಆ ಹಾಳೆಯನ್ನು ಸುಟ್ಟುಬಿಡಬೇಕು. ಇದಕ್ಕೆ ವನ್ ಟೈಮ್ ಪ್ಯಾಡ್ ಎಂದು ಹೆಸರು. ಮೂರನೆಯ ಕ್ಲಾಸಿನ ಲೆಕ್ಕ!

ಆದರೆ ಈ ಮೂರನೆಯ ಕ್ಲಾಸಿನ ಲೆಕ್ಕವನ್ನು ಭೂಮಿಯ ಮೇಲಿನ ಯಾವ ಕಂಪ್ಯೂಟರೂ ಒಡೆಯಲಾರದು. ಇಂದಿನದೂ ಅಲ್ಲ, ಮುಂದೆ ಬರುವಂಥದೂ ಅಲ್ಲ. ಏಕೆಂದರೆ 22038ಕ್ಕೆ 19569 ಎಂಬ ಬೇರೆ ಹಾಳೆ ಹಿಡಿದರೆ ಬರುವುದು 13579. ಇನ್ನೊಂದು ಹಾಳೆ ಹಿಡಿದರೆ ಇನ್ನೊಂದು. ಐದು ಅಂಕಿಯೊಳಗೆ ಇರಬಹುದಾದ 1,00,000 ಸಂದೇಶಗಳೂ ಅದರಲ್ಲಿ ಸಮಸಮವಾಗಿ ಅಡಗಿವೆ. 'ಇವತ್ತು ರಾತ್ರಿ ಹೊರಡು' ಎಂಬುದೂ ಅದೇ, 'ಅಲ್ಲೇ ಇರು' ಎಂಬುದೂ ಅದೇ. ಹುಡುಕುವವನಿಗೆ ಎಲ್ಲ ಉತ್ತರವೂ ಸಿಗುತ್ತದೆ, ಆದ್ದರಿಂದಲೇ ಯಾವ ಉತ್ತರವೂ ಸಿಗುವುದಿಲ್ಲ! ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಗಣಿತದಿಂದಲೇ ಸಾಧಿಸಿ ತೋರಿಸಿದರು. ಷರತ್ತು ಇಷ್ಟೆ: ಹಾಳೆಯ ಅಂಕಿಗಳಲ್ಲಿ ಯಾವ ಕ್ರಮವೂ ಇರಬಾರದು, ಹಾಳೆ ಸಂದೇಶದಷ್ಟೇ ಉದ್ದವಿರಬೇಕು, ಒಂದು ಹಾಳೆಯನ್ನು ಎರಡನೆಯ ಸಲ ಮುಟ್ಟಬಾರದು.

ಮುಟ್ಟಿದರೆ? ಎರಡನೇ ಮಹಾಯುದ್ಧದ ಬಿಕ್ಕಟ್ಟಿನಲ್ಲಿ, 1942ರ ಸುಮಾರಿಗೆ, ಸೋವಿಯತ್ ದೇಶದಲ್ಲಿ ಸಾವಿರಾರು ಹಾಳೆಗಳು ಎರಡೆರಡು ಬಾರಿ ಅಚ್ಚಾದವು. 1943ರ ಫೆಬ್ರವರಿಯಲ್ಲಿ ಅಮೆರಿಕದ ಆರ್ಲಿಂಗ್ಟನ್ ಹಾಲ್‌ನಲ್ಲಿ ಜೀನ್ ಗ್ರಾಬೀಲ್ ಎಂಬ ಯುವತಿ, ಅದಕ್ಕೆ ಮುಂಚೆ ಶಾಲೆಯಲ್ಲಿ ಮೇಡಂ ಆಗಿದ್ದವರು, ರಾಶಿಬಿದ್ದ ಸೋವಿಯತ್ ತಂತಿಗಳನ್ನು ವಿಂಗಡಿಸತೊಡಗಿದರು. ಅಲ್ಲಿಂದ ಹೊರಟ ವೆನೋನಾ ಎಂಬ ಕೆಲಸ 1980ರವರೆಗೆ ನಡೆಯಿತು. ಸುಮಾರು 3,000 ಸಂದೇಶಗಳು ಅಷ್ಟಿಷ್ಟು ಬಿಚ್ಚಿಕೊಂಡವು. ಹಾಳೆ ಮರುಕಳಿಸದಿದ್ದರೆ ಒಂದಕ್ಷರವೂ ಹೊರಬರುತ್ತಿರಲಿಲ್ಲ.

ಇಂಟರ್‌ನೆಟ್ ಇರುವಾಗ ಈ ಮುದಿ ರೇಡಿಯೋ ಯಾಕೆ ಎನ್ನಿಸುತ್ತದಲ್ಲವೇ? ನನ್ನನ್ನು ಎಲ್ಲಕ್ಕಿಂತ ಬೆರಗಾಗಿಸಿದ್ದು ಇದಕ್ಕಿರುವ ಉತ್ತರ. ಫೋನಿನಲ್ಲಿ ಒಂದು ಸಂದೇಶ ತೆರೆದರೆ ಎಲ್ಲೋ ಒಂದು ಕಡೆ ಅದರ ಗುರುತು ಉಳಿಯುತ್ತದೆ: ಯಾವ ಫೋನು, ಯಾವ ಹೊತ್ತು, ಯಾವ ಟವರು. ರೇಡಿಯೋ ಕೇಳಿದವನು ಮಾತ್ರ ಏನನ್ನೂ ಉಳಿಸಿ ಹೋಗುವುದಿಲ್ಲ. ಅಲೆ ಎಲ್ಲರ ಮೇಲೂ ಸುರಿಯುತ್ತದೆ. ಕಳಿಸಿದ್ದು ಎಲ್ಲಿಂದ ಎಂದು ಅಳೆದು ಹೇಳಬಹುದು, ಓದಿದ ಪ್ರತಿ ಅಂಕಿಯನ್ನೂ ಬರೆದುಕೊಳ್ಳಬಹುದು, ಕೇಳಿಸಿಕೊಂಡವನು ಯಾರು ಎಂಬುದನ್ನು ಮಾತ್ರ ಅಲೆ ಹೇಳುವುದಿಲ್ಲ. ಕೋಟ್ಯಂತರ ಜನರಿಗೆ ಒಂದೇ ಸಲ ಕೇಳುವಂತೆ ಕೂಗಿ ಹೇಳಿದ ಗುಟ್ಟು!

ಹಾಗಾದರೆ ಸಿಕ್ಕಿಬಿದ್ದವರ ವಿರುದ್ಧ ಸಾಕ್ಷ್ಯ ಸಿಕ್ಕಿದ್ದು ಎಲ್ಲಿ? ಮನೆಯಲ್ಲಿ. ಅಮೆರಿಕದ ರಕ್ಷಣಾ ಬೇಹು ಸಂಸ್ಥೆಯಲ್ಲಿ ಕ್ಯೂಬಾ ವಿಚಾರದ ಹಿರಿಯ ತಜ್ಞೆಯಾಗಿದ್ದ ಆನಾ ಮಾಂಟೆಸ್ ಸುಮಾರು 16 ವರ್ಷ ಕ್ಯೂಬಾಕ್ಕೇ ದುಡಿದರು. ಮನೆಯಲ್ಲೊಂದು ಸೋನಿ ಶಾರ್ಟ್‌ವೇವ್ ರೇಡಿಯೋ, ಒಂದು ತೋಷಿಬಾ ಲ್ಯಾಪ್‌ಟಾಪ್. ರೇಡಿಯೋದಲ್ಲಿ ಸ್ಪ್ಯಾನಿಷ್ ಅಂಕಿ ಕೇಳುವುದು, ಲ್ಯಾಪ್‌ಟಾಪಿಗೆ ಹಾಕುವುದು, ಓದುವುದು. ಓದಿದ್ದನ್ನು ಅಳಿಸಿದ್ದರೂ ಡಿಸ್ಕಿನ ಮೂಲೆಯಲ್ಲಿ ಚೂರುಗಳು ಉಳಿದಿದ್ದವು. 2001ರ ಸೆಪ್ಟೆಂಬರ್ 21ರಂದು ಬಂಧನ, ಮರುವರ್ಷ 25 ವರ್ಷಗಳ ಶಿಕ್ಷೆ, 2023ರ ಜನವರಿಯಲ್ಲಿ ಬಿಡುಗಡೆ. ಅದಕ್ಕೂ ಮುಂಚೆ 1998ರಲ್ಲಿ ಫ್ಲಾರಿಡಾದಲ್ಲಿ ಸಿಕ್ಕ ಕ್ಯೂಬಾದ ತಂಡದ ಸಂದೇಶಗಳು ನ್ಯಾಯಾಲಯದಲ್ಲಿ ಬಿಚ್ಚಿಕೊಂಡವು. ಅವುಗಳಲ್ಲೊಂದು, ಕೇಳಿದರೆ ಮೈ ಜುಮ್ಮೆನ್ನುತ್ತದೆ, ಅಂತರರಾಷ್ಟ್ರೀಯ ಮಹಿಳಾ ದಿನಕ್ಕೆ ತಂಡದ ಹೆಣ್ಣುಮಕ್ಕಳಿಗೆ ಕಳಿಸಿದ ಶುಭಾಶಯ! ಸಮುದ್ರದಾಚೆಯಿಂದ, ಐದೈದು ಅಂಕಿಗಳಲ್ಲಿ, ಒಂದು ಹಬ್ಬದ ಹಾರೈಕೆ.

ಇದು ಹಳೆಯ ಕತೆಯಷ್ಟೇ ಅಲ್ಲ. ಉತ್ತರ ಕೊರಿಯಾದ ರೇಡಿಯೋ 2016ರಲ್ಲಿ, 16 ವರ್ಷ ಸುಮ್ಮನಿದ್ದು, ಮತ್ತೆ ಅಂಕಿ ಓದತೊಡಗಿತು. ಹೊರಗೆ ಕಾಣುವುದಕ್ಕೆ ಅದು ದೂರಶಿಕ್ಷಣದ ಪಾಠ: ಇಂಥ ಪುಟ, ಇಂಥ ಲೆಕ್ಕ, ಇಂಥ ಪುಟ, ಇಂಥ ಲೆಕ್ಕ. ದಕ್ಷಿಣ ಕೊರಿಯಾದ ಅಧಿಕಾರಿಗಳು ಕಳವಳಗೊಂಡರು.

ಇದನ್ನೆಲ್ಲ ಓದುತ್ತ ಓದುತ್ತ ನನ್ನ ಮನಸ್ಸು ಸಟಕ್ಕನೆ ನಮ್ಮ ಕಡೆಗೇ ತಿರುಗಿತು. ಅಂಕಿಯಲ್ಲಷ್ಟೇ ಮಾತಾಡುವುದು ಕನ್ನಡಕ್ಕೆ ಹೊಸದೇ? ಹೊಯ್ಸಳರ ಕಾಲದಲ್ಲೇ ಜೈನ ಕವಿ ರಾಜಾದಿತ್ಯ 'ವ್ಯವಹಾರಗಣಿತ' ಬರೆದು ಲೆಕ್ಕವನ್ನು ಕನ್ನಡದ ಪದ್ಯಕ್ಕೆ ತಂದವನು. ಲೆಕ್ಕ ಪದ್ಯವಾದದ್ದು ಹಾಗೆ. ಪದ್ಯವೇ ಲೆಕ್ಕವಾದದ್ದೂ ಇದೆ! ಕುಮುದೇಂದು ಮುನಿಯ 'ಸಿರಿಭೂವಲಯ'ದಲ್ಲಿ ಒಂದೇ ಒಂದು ಅಕ್ಷರವಿಲ್ಲ. ಇರುವುದೆಲ್ಲ ಕನ್ನಡದ ಅಂಕಿಗಳು, 1ರಿಂದ 64ರವರೆಗೆ, ಒಂದೊಂದಕ್ಕೆ ಒಂದೊಂದು ಧ್ವನಿ. ಅಡ್ಡ 27, ಉದ್ದ 27, ಒಟ್ಟು 729 ಮನೆಗಳ ಒಂದು ಚಕ್ರ. ಸಾಲಾಗಿ ಓದಿಕೊಂಡು ಹೋದರೆ ಏನೂ ಇಲ್ಲ, ಬರೀ ಗದ್ದಲ. ನಡೆ ಗೊತ್ತಿದ್ದರೆ, ಮೇಲಿನ ಸಾಲಿನ ನಟ್ಟನಡುವಿನ ಮನೆಯಿಂದ ಹೊರಟು ಓರೆಯಾಗಿ ಮನೆಯಿಂದ ಮನೆಗೆ ನಡೆದರೆ, ಸಾಂಗತ್ಯ ಛಂದಸ್ಸಿನ ಪದ್ಯ ಹೊರಬರುತ್ತದೆ! ಬಂದ ಪದ್ಯಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪ್ರಾಕೃತ, ನಡುವಿನ ಅಕ್ಷರಗಳನ್ನು ಓದಿದರೆ ಸಂಸ್ಕೃತ. ಆ ನಡೆಗಳಿಗೆ ಬಂಧ ಎಂದು ಹೆಸರು: ಚಕ್ರಬಂಧ, ಹಂಸಬಂಧ, ಶ್ರೇಣಿಬಂಧ.

ಪಂಡಿತ ಯಲ್ಲಪ್ಪ ಶಾಸ್ತ್ರಿಗಳು ಈ ಗ್ರಂಥದ ಪ್ರತಿಯನ್ನು ಜೋಪಾನ ಮಾಡಿದರು. ಕರ್ಲಮಂಗಲಂ ಶ್ರೀಕಂಠಯ್ಯನವರ ಸಂಪಾದಕತ್ವದಲ್ಲಿ 1953ರಲ್ಲಿ ಮೊದಲ ಭಾಗ ಅಚ್ಚಾಯಿತು. ಕಾಲದ ಬಗ್ಗೆ ಜಗಳವಿದೆ. ಒಂಬತ್ತನೇ ಶತಮಾನ ಎನ್ನುವವರಿದ್ದಾರೆ. ಭಾಷೆಯನ್ನೂ ಸಾಂಗತ್ಯವನ್ನೂ ನೋಡಿ ಅದಕ್ಕಿಂತ ಬಹಳ ಈಚಿನದು ಎನ್ನುವ ವಿದ್ವಾಂಸರೂ ಇದ್ದಾರೆ, ಅವರ ವಾದವೇ ನನಗೆ ಗಟ್ಟಿ ಎನಿಸುತ್ತದೆ. 718 ಭಾಷೆಗಳು ಅಡಗಿವೆ ಎಂಬ ಮಾತನ್ನು ನಾನು ನಂಬುವವನಲ್ಲ. ಆದರೆ ಕಾಲ ಯಾವುದೇ ಇರಲಿ, ಯಾರೋ ಒಬ್ಬ ಕನ್ನಡಿಗ ಕೂತು, ಮನೆಮನೆಗೂ ಅಂಕಿ ತುಂಬಿ, ಒಂದೇ ಪಟದೊಳಗೆ ಮೂರು ಭಾಷೆಯ ಹಾದಿ ಹೆಣೆದನಲ್ಲ! ಅದೆಂಥ ತಾಳ್ಮೆ, ಅದೆಂಥ ತಲೆ!

ರೇಡಿಯೋದ ಅಂಕಿಗಳಿಗೂ ಈ ಅಂಕಿಗಳಿಗೂ ಇರುವ ಅಂತರವೂ ಅಷ್ಟೇ ರೋಚಕ. ಅಲ್ಲಿ ಬೀಗದ ಕೈ ಅಂಕಿಗಳ ಹೊರಗಿದೆ, ಒಮ್ಮೆ ಬಳಸಿ ಸುಡುವುದಕ್ಕೆಂದೇ ಹುಟ್ಟಿದ್ದು. ಸುಟ್ಟ ಮೇಲೆ ಆ 200 ಗುಂಪುಗಳು ಎಂದೆಂದಿಗೂ ಮೂಕ. ಇಲ್ಲಿ ಬೀಗದ ಕೈ ಚಕ್ರದ ನಡಿಗೆಯಲ್ಲೇ ಇದೆ, ಬುದ್ಧಿಯಿದ್ದವನು ಹುಡುಕಿ ತೆಗೆಯಲಿ ಎಂದೇ ಇಟ್ಟದ್ದು. ಒಬ್ಬನ ಹೊರತು ಯಾರಿಗೂ ತಿಳಿಯದಿರಲಿ ಎಂದು ಅದು, ಎಲ್ಲ ನುಡಿಯವರಿಗೂ ತಿಳಿಯಲಿ ಎಂದು ಇದು.

ಎರಡನ್ನೂ ನೀವೇ ಮುಟ್ಟಿ ನೋಡಬಹುದು. ಶಾರ್ಟ್‌ವೇವ್ ಇರುವ ಒಂದು ಸಣ್ಣ ರೇಡಿಯೋ ತಗೊಂಡು ಎಲ್‌ಇಡಿ ಬಲ್ಬು, ಇನ್ವರ್ಟರ್‌ಗಳ ಕಿರಿಕಿರಿ ತಪ್ಪಿಸಿ ತೋಟಕ್ಕೆ ಹೋಗಿ. ಎರಡು ತೆಂಗಿನ ಮರಗಳ ನಡುವೆ ಹತ್ತಿಪ್ಪತ್ತು ಮೀಟರ್ ತಾಮ್ರದ ತಂತಿ ಎಳೆದು ಏರಿಯಲ್‌ಗೆ ಸಿಕ್ಕಿಸಿ. ಅಲ್ಲಿ ವಿದ್ಯುತ್ ಲೈನ್ ಇದ್ದರೆ ದೂರವಿರಿ. ಕತ್ತಲಾದ ಮೇಲೆ 4ರಿಂದ 10 ಮೆಗಾಹರ್ಟ್ಸ್ ನಡುವೆ, ಗಂಟೆ ಅಥವಾ ಅರ್ಧಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ, ನಿಧಾನವಾಗಿ ಮುಳ್ಳು ತಿರುಗಿಸಿ. ತಂತಿ ಎಳೆಯುವ ತಾಪತ್ರಯ ಬೇಡವೆಂದರೆ ಫೋನಿನಲ್ಲೇ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ರೇಡಿಯೋ ತೆರೆದು, ಅವರ ಏರಿಯಲ್‌ನಿಂದ ಹಳೇಬೀಡಿನಲ್ಲಿ ಕೂತೇ ಕೇಳಬಹುದು. ಇನ್ನು ಸಿರಿಭೂವಲಯದ ಚಕ್ರ ಸಿಕ್ಕರೆ 64 ಧ್ವನಿಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪೆನ್ಸಿಲ್ ಹಿಡಿದು ಮೇಲಿನ ಸಾಲಿನ ಹದಿನಾಲ್ಕನೆಯ ಮನೆಯಿಂದ ಹೊರಡಿ. ಇಂಥ ಚಕ್ರಗಳು ಒಟ್ಟು 16,000 ಎಂದು ಹೇಳುತ್ತಾರೆ, ಕೈಗೆ ಸಿಕ್ಕಿರುವುದು 1,270. ಅವುಗಳಲ್ಲೂ ಎಲ್ಲ ಬಂಧಗಳನ್ನು ನಡೆದು ಮುಗಿಸಿದವರು ಇನ್ನೂ ಯಾರೂ ಇಲ್ಲ.