ಬಡಾವಣೆಯ ಕೆರೆಗಳಲ್ಲಿ ಹಕ್ಕಿಯ ಚಿತ್ರ

ಬಿ.ಟಿ.ಎಂ. ಬಡಾವಣೆಯ ಹೆಸರನ್ನು ದಿನಕ್ಕೆ ಹತ್ತು ಬಾರಿ ಉಚ್ಚರಿಸುವವರಲ್ಲಿಯೂ ಅನೇಕರು ಆ ಮೂರಕ್ಷರಗಳನ್ನು ಬಿಡಿಸಿ ನೋಡಿರಲಾರರು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು ಅವು. 'ಸಂದ್ರ'ವೆಂಬುದು 'ಸಮುದ್ರ'ದ ಸವೆದ ರೂಪ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ಹಿಂದಿನವರ ರೂಢಿ. ತಾವರೆಕೆರೆಗೆ ಅರ್ಥ ಹೇಳಬೇಕಾದುದಿಲ್ಲ. ಮಡಿವಾಳದ ಕೆರೆಯಂತೂ ಇಂದಿಗೂ ಕಣ್ಣ ಮುಂದಿದೆ. ಹೆಸರಿನಲ್ಲಿಯೇ ನೀರನ್ನು ಹೊತ್ತ ಇಂಥ ಪ್ರದೇಶಕ್ಕೆ ಹಕ್ಕಿಗಳು ಬರುವುದು ಆಶ್ಚರ್ಯವಲ್ಲ. ಇಷ್ಟು ಮನೆಗಳೆದ್ದ ಮೇಲೆಯೂ ಬರುತ್ತಿವೆ ಎಂಬುದೇ ಆಶ್ಚರ್ಯ.

ಕ್ಯಾಮರಾ ಹಿಡಿದು ಬೆಂಗಳೂರಿಗೆ ಬಂದಿಳಿದವರು ಮೊದಲು ವಿಚಾರಿಸುವುದು ರಂಗನತಿಟ್ಟಿನ ದಾರಿಯನ್ನು, ಇಲ್ಲವೇ ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನ ದಾರಿಯನ್ನು. ಅದು ತಪ್ಪೇನಲ್ಲ. ರಂಗನತಿಟ್ಟು ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಸ್ಥಳ. ಆದರೆ ಬಂಧುಗಳ ಮದುವೆಗೆಂದು ಜಯನಗರದಲ್ಲಿ ಇಳಿದುಕೊಂಡು, ಎರಡು ಬೆಳಗುಗಳ ಬಿಡುವು ಮಾತ್ರ ದೊರೆತವರು ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಅರ್ಧ ಗಂಟೆಯ ಹಾದಿಯೊಳಗೆ ಕೆರೆಯೂ ಉಂಟು, ತೋಟವೂ ಉಂಟು, ಕುರುಚಲು ಕಾಡೂ ಉಂಟು. ಭೂಗೋಳದ ಲೆಕ್ಕದಲ್ಲಿ ಬೆಂಗಳೂರು ಉಷ್ಣವಲಯಕ್ಕೆ ಸೇರಿದುದಾದರೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಚಳಿಗಾಲ ಹಿತವಾದುದು. ನವೆಂಬರಿನಿಂದ ಮಾರ್ಚಿಯವರೆಗೆ ಉತ್ತರದ ಶೀತದೇಶಗಳಿಂದ ಬಂದ ಅತಿಥಿಗಳು ಊರಿನ ಹಕ್ಕಿಗಳೊಡನೆ ಬೆರೆತಿರುತ್ತವೆ.

ಮಡಿವಾಳದ ಕೆರೆಯಿಂದಲೇ ಆರಂಭಿಸಬಹುದು. 250 ಎಕರೆಗೂ ಮಿಕ್ಕ ಈ ಜಲರಾಶಿಯ ಮುಖ್ಯ ಆಕರ್ಷಣೆ ಹೆಜ್ಜಾರ್ಲೆ. ನೀರಿನ ಮೇಲೆ ಗಂಭೀರವಾಗಿ ತೇಲುವಾಗ ಅದೊಂದು ಸಾಧಾರಣ ಹಕ್ಕಿಯೆಂದು ತೋರೀತು. ಎರಡು ಮೀಟರಿಗೂ ಹೆಚ್ಚು ಹರವಿನ ರೆಕ್ಕೆಗಳನ್ನು ಬಿಚ್ಚಿ, ಜಾಲಪಾದಗಳನ್ನು ಮುಂದಕ್ಕೆ ಚಾಚಿ ನೀರಿಗಿಳಿಯುವ ಕ್ಷಣದಲ್ಲಿ ಮಾತ್ರ ನೋಡುವವರು ಉಸಿರು ಬಿಗಿಹಿಡಿಯುತ್ತಾರೆ. ಆ ಕ್ಷಣವನ್ನು ಚಿತ್ರವಾಗಿಸುವುದು ಅದೃಷ್ಟದ ಮಾತೆಂದು ಹಲವರು ತಿಳಿದಿದ್ದಾರೆ. ಅದರಲ್ಲಿ ಅದೃಷ್ಟಕ್ಕಿಂತ ಗಾಳಿಯ ಪಾತ್ರ ದೊಡ್ಡದು. ದೊಡ್ಡ ಹಕ್ಕಿಗಳು ಇಳಿಯುವಾಗಲೂ ಏರುವಾಗಲೂ ಗಾಳಿಗೆ ಎದುರು ಮುಖವಾಗಿರುತ್ತವೆ. ಚಳಿಗಾಲದಲ್ಲಿ ಬೆಂಗಳೂರಿನ ಗಾಳಿ ಬೀಸುವುದು ಸಾಮಾನ್ಯವಾಗಿ ಮೂಡಲಿನಿಂದ. ಬೆಳಗಿನ ಸೂರ್ಯನೂ ಅತ್ತಲಿಂದಲೇ ಬರುತ್ತಾನೆ. ಆದುದರಿಂದ ಯಾವ ಕೆರೆಯಾದರೂ ಸರಿ, ಪೂರ್ವದ ದಡದಲ್ಲಿ ಪಡುವಲಿಗೆ ಮುಖಮಾಡಿ ನಿಂತವನಿಗೆ ಬೆಳಕು ಬೆನ್ನಿಗಿರುತ್ತದೆ, ಹಕ್ಕಿ ಎದುರಿಗೆ ಬರುತ್ತದೆ. ಹೊಸಬರು ಪಶ್ಚಿಮದ ದಡದಲ್ಲಿ ನಿಂತು ಬೆಳಗೆಲ್ಲ ಹಕ್ಕಿಗಳ ಬಾಲವನ್ನೂ ನೆರಳನ್ನೂ ಸಂಗ್ರಹಿಸಿ ಮನೆಗೆ ಮರಳುವುದುಂಟು.

ಹಾರುವ ಹಕ್ಕಿಗೆ ಶಟರ್ ತೆರೆದಿರುವ ಕಾಲ ಸೆಕೆಂಡಿನ ಸಾವಿರದ ಒಂದಂಶವನ್ನು ಮೀರದಿದ್ದರೆ ಒಳ್ಳೆಯದು. ಕಪ್ಪು ನೀರಿನ ಮೇಲಿರುವ ಬೆಳ್ಳಕ್ಕಿ ಕ್ಯಾಮರಾದ ಲೆಕ್ಕವನ್ನೇ ದಾರಿತಪ್ಪಿಸುತ್ತದೆ. ಬೆಳಕನ್ನು ಸ್ವಲ್ಪ ಕಡಿಮೆ ಮಾಡದಿದ್ದರೆ ಗರಿಗಳ ಎಳೆಯೆಲ್ಲ ಅಳಿಸಿಹೋಗಿ ಸುಣ್ಣ ಬಳಿದಂತಾಗುತ್ತದೆ. ನೀರುಕಾಗೆಗೆ ಇದರ ವಿರುದ್ಧ ಕ್ರಮ. ನಿಂತು ತೆಗೆದ ಚಿತ್ರಕ್ಕೂ ನೆಲದ ಮೇಲೆ ಕುಳಿತು ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆದ ಚಿತ್ರಕ್ಕೂ ಇರುವ ಅಂತರವನ್ನು ಒಮ್ಮೆ ಕಂಡವರು ಬಟ್ಟೆ ಕೆಸರಾಗುವುದನ್ನು ಲೆಕ್ಕಿಸುವುದಿಲ್ಲ.

ಲಾಲ್‌ಬಾಗಿನ ರೀತಿಯೇ ಬೇರೆ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಇಂದು 240 ಎಕರೆಯಷ್ಟಿದೆ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಅದರ ಹೆಬ್ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರೇ ಬಹಳ; ಅಲ್ಲಿಂದ ಕೆರೆಯತ್ತ ಇಳಿದು ಮೌನವಾಗಿ ಕುಳಿತುಕೊಳ್ಳುವವರು ಕಡಿಮೆ. ರೆಕ್ಕೆಗಳನ್ನು ಬಟ್ಟೆಯಂತೆ ಹರವಿ ಬಿಸಿಲಿಗೆ ಒಣಗಿಸುವ ನೀರುಕಾಗೆ, ಹಗಲೆಲ್ಲ ತೂಕಡಿಸುವ ಇರುಳು ಬಕ, ನೇರಳೆ ಬಣ್ಣದ ಜಂಬುಕೋಳಿ ಅಲ್ಲಿ ಸಿಕ್ಕಾವು. ಹಳೆಯ ಮರಗಳ ಪೊಟರೆಗಳಲ್ಲಿ ಹಾಲಕ್ಕಿಗಳು ವಾಸವಾಗಿವೆ. ಪೊಟರೆಯನ್ನು ಹುಡುಕಲು ಮೇಲೆ ನೋಡುವುದಕ್ಕಿಂತ ಕೆಳಗೆ ನೋಡುವುದು ಲೇಸು: ಬುಡದಲ್ಲಿ ಬಿಳಿಯ ಹಿಕ್ಕೆಯ ಗುರುತಿದ್ದರೆ ಮೇಲೆ ಯಾರೋ ಇದ್ದಾರೆಂದು ಅರ್ಥ. ಪಿಕಳಾರಗಳೂ ಅಳಿಲುಗಳೂ ಒಂದೇ ಕೊಂಬೆಯತ್ತ ಮುಖಮಾಡಿ ಗದ್ದಲವೆಬ್ಬಿಸುತ್ತಿದ್ದರೂ ಗೂಬೆಯ ಸುಳಿವೇ. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದಲ್ಲಿಯೂ ಮರಿಮಾಡಿ ದಕ್ಷಿಣಕ್ಕೆ ಬರುವ ನವರಂಗ, ಚಳಿಗಾಲದ ಆರಂಭದಲ್ಲಿ ನಗರದ ತೋಟಗಳಲ್ಲಿ ತರಗೆಲೆ ಕೆದಕುತ್ತ ಕಾಣಿಸಿಕೊಳ್ಳುವುದುಂಟು.

ಜೆ.ಪಿ. ನಗರದ ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ಯಲಹಂಕದ ಪುಟ್ಟೇನಹಳ್ಳಿಯೊಡನೆ ಗೊಂದಲ ಮಾಡಿಕೊಳ್ಳಬಾರದು. ಪಕ್ಷಿಸಂರಕ್ಷಣೆಗೆಂದು ಸರ್ಕಾರ ಮೀಸಲಿಟ್ಟಿರುವುದು ಅದನ್ನು. ಇದು ಹದಿಮೂರು ಎಕರೆಯ ಪುಟ್ಟ ಕೆರೆ. ಒಣಗಿ ಕಸದ ತಿಪ್ಪೆಯಾಗುವ ಸ್ಥಿತಿಯಲ್ಲಿದ್ದ ಇದಕ್ಕಾಗಿ ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟನ್ನು ಕಟ್ಟಿಕೊಂಡರು. ಹೂಳು ತೆಗೆದುದಾಯಿತು, ನೀರಿನ ಚಿಂತೆ ಉಳಿಯಿತು. ನೆರೆಯ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ಬಳಕೆಯ ನೀರನ್ನು ಕೆರೆಗೆ ಹರಿಸುವ ವ್ಯವಸ್ಥೆಯಾದ ಮೇಲೆ ಅದೂ ಹಗುರಾಯಿತು. ಕಳೆ ಕೀಳುವ ಕೆಲಸಕ್ಕೆ ಮಾತ್ರ ಕೊನೆಯೆಂಬುದಿಲ್ಲ. ಹಕ್ಕಿಗಳ ವಿಷಯದಲ್ಲಿ ಯಾರೂ ಆಮಂತ್ರಣ ಕಳುಹಿಸಬೇಕಾಗಲಿಲ್ಲ. ನಾಮದ ಕೋಳಿ, ಗುಳುಮುಳುಕ, ಮಿಂಚುಳ್ಳಿಗಳು ತಾವಾಗಿ ಬಂದವು. ಇಲ್ಲಿ ದಾಖಲಾದ ಜಾತಿಗಳು ಈಗ ನೂರನ್ನು ಮೀರಿವೆ. ಕೆರೆ ಚಿಕ್ಕದಾದುದರಿಂದ ಹಕ್ಕಿ ಹತ್ತಿರದಲ್ಲಿಯೇ ಸಿಕ್ಕುತ್ತದೆ. ಭಾರಿ ಬೆಲೆಯ ದೂರಮಸೂರ ಕೊಳ್ಳಲಾರದ ಗೃಹಸ್ಥರಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ದಕ್ಷಿಣ ಬೆಂಗಳೂರಿನಲ್ಲಿ ವಿರಳ.

ಸಾರಕ್ಕಿ ಕೆರೆ ಇದರ ಆರು ಪಟ್ಟು ದೊಡ್ಡದು. 2015ರ ಏಪ್ರಿಲಿನಲ್ಲಿ ಜಿಲ್ಲಾಡಳಿತ ಇದರ ಒತ್ತುವರಿಯನ್ನು ತೆರವು ಮಾಡಿದ ಸುದ್ದಿ ನಗರದಲ್ಲೆಲ್ಲ ಚರ್ಚೆಯಾಗಿತ್ತು. ಯಡಿಯೂರಿನ ಕೆರೆ ಸಂಜೆಯ ವಿಹಾರಕ್ಕೆ ಚೆನ್ನು. ಚಿತ್ರಕ್ಕೆ ಬೆಳಗಿನ ಒಂದು ಗಂಟೆ ಸಾಕು.

ನೀರಿನ ಹಕ್ಕಿಗಳು ಸಾಕೆನಿಸಿದವರು ಬನಶಂಕರಿಯನ್ನು ದಾಟಿ ಕನಕಪುರ ರಸ್ತೆಯ ಕಡೆಯ ತುರಹಳ್ಳಿ ಕಾಡಿಗೆ ಹೋಗಬಹುದು. ಬಂಡೆ, ಕುರುಚಲು, ಒಣಹುಲ್ಲಿನ ಈ ನೆಲ ಮೊದಲ ನೋಟಕ್ಕೆ ಬರಡೆನಿಸುತ್ತದೆ. ಮುಳ್ಳುಗಿಡದ ತುದಿಯಲ್ಲಿ ಕುಳಿತು ಹುಳುವಿಗಾಗಿ ಹೊಂಚುವ ಕಳಿಂಗ, ಒಂದೇ ಕಡ್ಡಿಯಿಂದ ಹಾರಿ ಮತ್ತೆ ಅದೇ ಕಡ್ಡಿಗೆ ಮರಳುವ ಕಳ್ಳಿಪೀರ, ನವಿಲು ಇಲ್ಲಿಯವು. ಕಳ್ಳಿಪೀರ ಮರಳಿ ಬರುವ ಕಡ್ಡಿಯ ಮೇಲೆ ದೃಷ್ಟಿ ನೆಟ್ಟು ಕಾಯುವವನು ಹಕ್ಕಿಯ ಹಿಂದೆ ಓಡಬೇಕಾಗಿಲ್ಲ. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾಪ ಬಂದಾಗ ನಾಗರಿಕರು ಬೀದಿಗಿಳಿದು ವಿರೋಧಿಸಿದರು. ಕಾಲುದಾರಿ, ಬೆಂಚುಗಳು ಬಂದ ಕಡೆಗೆ ಜನ ಬರುತ್ತಾರೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗೆ ಆಮೇಲೆ ಸ್ಥಳವೆಲ್ಲಿ?

ಈ ಹವ್ಯಾಸಕ್ಕೆ ಬೆಂಗಳೂರಿನಲ್ಲಿ ದೊಡ್ಡ ಪರಂಪರೆಯೇ ಇದೆ. ಟಿ.ಎನ್.ಎ. ಪೆರುಮಾಳ್ (1932-2017), ಇ. ಹನುಮಂತರಾವ್ ಮೊದಲಾದವರು ಫಿಲ್ಮ್ ಸುರುಳಿಯ ಕಾಲದಲ್ಲಿ ದುಡಿದು ಹೆಸರಾದವರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತಾವು ತೆಗೆದ ಚಿತ್ರಗಳಿಂದ ಕನ್ನಡಿಗರ ಮನೆಮನೆಗೆ ಹಕ್ಕಿಗಳನ್ನು ತಲುಪಿಸಿದರು. ಸುರುಳಿಯೊಂದರಲ್ಲಿ 36 ಚಿತ್ರಗಳು ಮಾತ್ರ, ಪ್ರತಿಯೊಂದಕ್ಕೂ ದುಡ್ಡು. ಆ ದಿನಗಳಲ್ಲಿ ಮರೆ ಕಟ್ಟಿ ಗೂಡಿನ ಬಳಿ ಕಾಯುವುದು ಲೋಕದಾದ್ಯಂತ ಒಪ್ಪಿತವಾದ ಕ್ರಮವಾಗಿತ್ತು. ಇಂದು ಅದು ಸಲ್ಲದು. ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಕಾರಣ ಸರಳವಾದುದು. ಚಿತ್ರಕ್ಕೆ ಅಡ್ಡಬಂದ ಒಂದು ರೆಂಬೆಯನ್ನು ಬಾಗಿಸಿದರೆ ಗೂಡಿಗೆ ಬಿಸಿಲು ಬೀಳುತ್ತದೆ, ಕಾಗೆಗೂ ಅದು ಕಾಣುತ್ತದೆ. ತಾಯಿ ಅರ್ಧ ಗಂಟೆ ದೂರ ಉಳಿದರೆ ಮೊಟ್ಟೆಗಳು ಕೆಡಬಹುದು.

ಈಗಿನ ಪಿಡುಗು ಇನ್ನೊಂದು ಬಗೆಯದು. ಜೇಬಿನ ಫೋನಿನಿಂದ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಪೊದೆಯಿಂದ ಹೊರಗೆಳೆಯುವವರು ಹೆಚ್ಚಿದ್ದಾರೆ. ತನ್ನ ಎಲ್ಲೆಯೊಳಗೆ ಶತ್ರು ನುಗ್ಗಿತೆಂದು ಗಂಡುಹಕ್ಕಿ ಆಹಾರವನ್ನೂ ಸಂಗಾತಿಯನ್ನೂ ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತದೆ. ಒಬ್ಬರು ಹೋದರೆ ಮತ್ತೊಬ್ಬರು ಬರುತ್ತಾರೆ. ಭಾನುವಾರವೆಲ್ಲ ಅದಕ್ಕೆ ಇದೇ ಗತಿ. ಗೂಬೆಯ ಪೊಟರೆಯಿರುವ ಮರವನ್ನು ಊರಿಗೆಲ್ಲ ಸಾರಿ ಹೇಳುವುದೂ ಇದೇ ಸಾಲಿಗೆ ಸೇರಿದ ಕೆಲಸ. ಹಕ್ಕಿ ಕತ್ತು ನಿಮಿರಿಸಿ ನೋಡತೊಡಗಿತೆಂದರೆ ಅಲ್ಲಿಯೇ ನಿಲ್ಲಬೇಕು; ಹಾರಿಹೋಯಿತೆಂದರೆ ಚಿತ್ರವೂ ಹೋಯಿತು.

ಒಳ್ಳೆಯ ಚಿತ್ರ ದೊರೆಯದ ದಿನವೂ ಒಂದು ಉಪಯೋಗವುಂಟು. ಮಸುಕಾಗಿ ಬಂದ ಹೆಜ್ಜಾರ್ಲೆಯ ಚಿತ್ರಕ್ಕೆ ತಾರೀಖನ್ನೂ ಕೆರೆಯ ಹೆಸರನ್ನೂ ಬರೆದಿಟ್ಟರೆ, ಮುಂದೆ ಆ ಕೆರೆಯ ವಿಷಯದಲ್ಲಿ ಮಾತು ಬಂದಾಗ ಅದು ಸಾಕ್ಷಿಯಾಗುತ್ತದೆ. ಲಾಲ್‌ಬಾಗು ಬೆಳಗ್ಗೆ 6 ಗಂಟೆಗೆ ತೆರೆಯುತ್ತದೆ. ಕೆರೆಗಳ ಬಾಗಿಲುಗಳ ವೇಳೆ ಒಂದೊಂದು ಕಡೆ ಒಂದೊಂದು ಬಗೆ. ದೊಡ್ಡ ಕ್ಯಾಮರಾ ಕಂಡು ಕಾವಲುಗಾರರು ಪ್ರಶ್ನಿಸಿದರೆ ವಾದಕ್ಕಿಳಿಯದೆ ಅನುಮತಿ ಕೇಳುವುದು ಮೇಲು. ಏಪ್ರಿಲ್ ಹೊತ್ತಿಗೆ ಚಳಿಗಾಲದ ಅತಿಥಿಗಳು ಹೊರಟುಹೋಗಿರುತ್ತವೆ. ಜಯನಗರದ ಸಾಲುಮರಗಳಲ್ಲಿ ಕುಟ್ರುಹಕ್ಕಿ ಮಾತ್ರ ಆಗಲೂ ಬೆಳಗಿನಿಂದ ಬಿಡದೆ ಕೂಗುತ್ತಿರುತ್ತದೆ. ಎಲೆಯ ಬಣ್ಣದ ಅದನ್ನು ಎಲೆಗಳ ನಡುವೆ ಕಂಡುಹಿಡಿಯುವುದು ಮಹಡಿಯ ಮೇಲೆ ನಿಂತವರ ತಾಳ್ಮೆಗೆ ಬಿಟ್ಟುದು.