ತುಂಬಿದ ಅಂಗಡಿ, ಬರಿಗೈಯ ಗ್ರಾಹಕ

ಗಾಜಿನ ಪ್ರದರ್ಶಿಕೆಯಲ್ಲಿ ತೂಗುಹಾಕಿದ ಅಂಗಿಯ ಬಣ್ಣ, ಬಟ್ಟೆ, ಬೆಲೆ ಎಲ್ಲವೂ ಗ್ರಾಹಕನಿಗೆ ಒಪ್ಪಿಗೆಯಾಗುತ್ತವೆ. ಒಳಬಂದು ತನ್ನ ಅಳತೆಯನ್ನು ಕೇಳಿದೊಡನೆ ‘ಅದೊಂದು ಸೈಜ್ ಮುಗಿದಿದೆ’ ಎಂಬ ಉತ್ತರ ದೊರೆಯುತ್ತದೆ. ಎರಡು ಮೂರು ಬಾರಿ ಹೀಗಾದರೆ ಆತನು ಮತ್ತೆ ಆ ಅಂಗಡಿಯತ್ತ ಸುಳಿಯುವುದಿಲ್ಲ.

ಇದಕ್ಕೆ ಮುಖ್ಯ ಕಾರಣ ಖರೀದಿಯ ಕ್ರಮ. ಸಗಟು ಮಾರುಕಟ್ಟೆಯಲ್ಲಿ ಸಿದ್ಧ ಉಡುಪುಗಳು ಹೆಚ್ಚಾಗಿ ಸೆಟ್ ಲೆಕ್ಕದಲ್ಲಿ ಬರುತ್ತವೆ: ಎಸ್, ಎಂ, ಎಲ್, ಎಕ್ಸ್‌ಎಲ್ ತಲಾ ಒಂದು. ಬೇಡಿಕೆಯಾದರೋ ಸಮನಾಗಿರುವುದಿಲ್ಲ. ಉದಾಹರಣೆಗೆ, 6 ಸೆಟ್ ಎಂದರೆ 24 ಅಂಗಿಗಳನ್ನು ತರಿಸಿದೆವೆನ್ನೋಣ. ಎಂ ಮತ್ತು ಎಲ್ ಅಳತೆಗಳಿಗೆ ಉಳಿದವುಗಳ ಎರಡರಷ್ಟು ಬೇಡಿಕೆಯಿದ್ದರೆ, ಆ 12 ಅಂಗಿಗಳು ಮುಗಿಯುವಷ್ಟರಲ್ಲಿ ಉಳಿದೆರಡು ಅಳತೆಗಳಲ್ಲಿ ಒಟ್ಟು 6 ಮಾತ್ರ ಮಾರಾಟವಾಗಿರುತ್ತವೆ. ಮಿಕ್ಕ 6 ಅಂಗಿಗಳಲ್ಲಿ ಹೂಡಿದ ಬಂಡವಾಳದ ಕಾಲು ಭಾಗ ಸಿಲುಕಿರುತ್ತದೆ. ಕಪಾಟು ತುಂಬಿದಂತೆ ಕಂಡರೂ ಗ್ರಾಹಕನಿಗೆ ಬೇಕಾದುದು ಅಲ್ಲಿಲ್ಲ.

ಬಿಲ್ ಪುಸ್ತಕವು ಮಾರಿದುದನ್ನು ಮಾತ್ರ ತಿಳಿಸುತ್ತದೆ. ಆದುದರಿಂದ ಗ್ರಾಹಕರು ಕೇಳಿ ದೊರೆಯದೆ ಹೋದ ಅಳತೆಗಳನ್ನು ವರ್ತಕರು ಪ್ರತಿದಿನ ಪ್ರತ್ಯೇಕವಾಗಿ ಬರೆದಿಡುವುದು ಅವಶ್ಯ. ಎರಡು ತಿಂಗಳ ಇಂತಹ ಲೆಕ್ಕವಿದ್ದರೆ 1:2:2:1 ಮುಂತಾದ ತಮಗೊಪ್ಪುವ ಪ್ರಮಾಣದಲ್ಲಿ ಸರಕು ಕೇಳಬಹುದು.

ತಯಾರಕರ ಹೊಣೆಯೂ ಇದೆ. ಒಬ್ಬರ ಎಂ ಮತ್ತೊಬ್ಬರ ಎಲ್‌ಗೆ ಸಮನಾದರೆ ಗ್ರಾಹಕನು ಗೊಂದಲಕ್ಕೀಡಾಗುತ್ತಾನೆ. ಬಿಡಿಯಾಗಿ ಮಾರುವ ಸಿದ್ಧ ಉಡುಪುಗಳ ಮೇಲೆ ಸೈಜ್ ಸಂಕೇತದೊಡನೆ ಮೆಟ್ರಿಕ್ ಅಳತೆಯನ್ನೂ ನಮೂದಿಸಬೇಕೆಂದು ಕಾನೂನು ಮಾಪನ ನಿಯಮಗಳ 2022ರ ತಿದ್ದುಪಡಿ ವಿಧಿಸಿದೆ. ಸಣ್ಣ ತಯಾರಕರು ಈ ನಿಯಮವನ್ನು ಪಾಲಿಸುವುದರ ಜೊತೆಗೆ, ಮುಗಿದ ಅಳತೆಗಳನ್ನಷ್ಟೇ ಬಿಡಿಯಾಗಿ ಮರುಪೂರೈಸಲು ಒಪ್ಪಿದಲ್ಲಿ ಉಭಯರಿಗೂ ಲಾಭವಿದೆ.