ಎಡಗೈಯ ಎರಡು ಗೆಣ್ಣು ಕಾಣುತ್ತಿವೆಯೇ?

ಪ್ರಶ್ನೆ: ವಡೋದರಾದ ಲಕ್ಷ್ಮೀ ವಿಲಾಸ ಅರಮನೆ ಆವರಣದ ಮೈದಾನದಲ್ಲಿ ಗಾಲ್ಫ್ ಕಲಿಯುತ್ತಿದ್ದೇನೆ. ಹೊಡೆದ ಚೆಂಡೆಲ್ಲ ಬಲಕ್ಕೇ ತಿರುಗುತ್ತದೆ. ನನ್ನ ಹಿಡಿತ ಸರಿಯಿಲ್ಲವೇ?
– ಓದುಗರೊಬ್ಬರು, ಮಂಜಲ್‌ಪುರ

ಉತ್ತರ: ನೀವು ಬಲಗೈ ಆಟಗಾರರಾದರೆ ಮೊದಲು ಅನುಮಾನಿಸಬೇಕಾದ್ದು ಹಿಡಿತವನ್ನೇ. ಕ್ಲಬ್ ಹಿಡಿದು ನಿಂತು ಎಡಗೈ ನೋಡಿಕೊಳ್ಳಿ. ಒಂದೇ ಗೆಣ್ಣು ಕಂಡರೆ, ಚೆಂಡಿಗೆ ತಾಗುವಾಗ ಕ್ಲಬ್ಬಿನ ಮುಖ ಬಲಕ್ಕೆ ತೆರೆದುಕೊಳ್ಳುವ ಸಾಧ್ಯತೆ ಹೆಚ್ಚು. ಎರಡು ಗೆಣ್ಣು ಕಾಣುವಷ್ಟು ಕೈಯನ್ನು ಬಲಕ್ಕೆ ಹೊರಳಿಸಿ. ಹಿಡಿ ಅಂಗೈಯೊಳಗೆ ಹೂತುಹೋಗದೆ ಬೆರಳುಗಳ ಬುಡದಲ್ಲಿ ಕೂರಬೇಕು.

ಬಲಗೈ ಕಿರುಬೆರಳಿಗೆ ಮೂರು ದಾರಿಗಳಿವೆ. ಎಡಗೈಯ ತೋರುಬೆರಳು, ನಡುಬೆರಳುಗಳ ಸಂದಿಯ ಮೇಲಿಟ್ಟರೆ ಅದು ಬ್ರಿಟಿಷ್ ಓಪನ್ ಅನ್ನು 6 ಸಲ ಗೆದ್ದ ಹ್ಯಾರಿ ವಾರ್ಡನ್ ಹೆಸರಿನ ಹಿಡಿತ. ತೋರುಬೆರಳಿಗೆ ಹೆಣೆದರೆ ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಅವರದು; ಗಿಡ್ಡ ಬೆರಳಿನವರಿಗೆ ಅನುಕೂಲ. ಹತ್ತೂ ಬೆರಳನ್ನು ಹಿಡಿಯ ಮೇಲೇ ಇಡುವುದು ಮಕ್ಕಳಿಗೆ ಸುಲಭ.

ಹೊಸ ಹಿಡಿತ ಮೊದಮೊದಲು ಕೈಗೆ ಒಗ್ಗುವುದಿಲ್ಲ. ಮನೆಯಲ್ಲಿ ಟಿವಿ ನೋಡುತ್ತಲೇ ಕ್ಲಬ್ ಹಿಡಿದು ಬಿಟ್ಟು ಅಭ್ಯಾಸ ಮಾಡಿ. ಮೈದಾನದಲ್ಲಿ ಗಿಡ್ಡ ಕ್ಲಬ್ಬಿನಿಂದ ಅರ್ಧ ಬೀಸು ಸಾಕು. ನಿಯಮ ಮೀರಿಯೂ ಗೆದ್ದವರುಂಟು: ಭಾರತೀಯ ಮೂಲದ ದಕ್ಷಿಣ ಆಫ್ರಿಕಾದ ಪಾಪ್ವಾ ಸೆವ್‌ಗೋಲಂ ಎಡಗೈಯನ್ನು ಕೆಳಗಿಟ್ಟು ಹಿಡಿದೇ 1959ರಲ್ಲಿ ಡಚ್ ಓಪನ್ ಗೆದ್ದರು.